ಗಂಡಸರ ಎದೆ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ: ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು

ಗಂಡಸರಲ್ಲಿ ಎದೆಯ ಗ್ರಂಥಿ ಬೆಳೆದು ಮುಂದಕ್ಕೆ ಬರುವುದನ್ನು ಗೈನಕೊಮಾಸ್ಟಿಯಾ ಎನ್ನುತ್ತಾರೆ. ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹೆಚ್ಚಿನವರು ಅದೇ ದಿನ ಇಲ್ಲವೇ ಮಾರನೇ ದಿನ ಮನೆಗೆ ಬರುತ್ತಾರೆ. ಮಾಯುವುದಕ್ಕೆ ಮಾತ್ರ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಈ ಅವಧಿಯಲ್ಲಿ ಕಾಡುವ ಭಯಗಳಲ್ಲಿ ಬಹುಪಾಲು ಕಾದರೆ ತಾವೇ ಕರಗುವಂಥವು: ಊತ, ಗಂಟು, ಜೋಮು, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾಣುವುದು. ಕೆಲವೇ ಕೆಲವು ಒಂದು ರಾತ್ರಿಯೂ ತಡೆಯುವಂಥವಲ್ಲ. ಇವೆರಡನ್ನು ಬೇರೆ ಮಾಡಿ ನೋಡಲು ಬಂದರೆ ಆರೈಕೆಯ ಮುಕ್ಕಾಲು ಪಾಲು ಬಂದಂತೆ. ನಿಮ್ಮ ಸರ್ಜನ್ ಬರೆದುಕೊಟ್ಟ ಸೂಚನೆ ಇಲ್ಲಿಯದಕ್ಕಿಂತ ಬೇರೆಯಾಗಿದ್ದರೆ ಅವರದನ್ನೇ ಪಾಲಿಸಿ. ನಿಮ್ಮ ಎದೆಯ ಒಳಗನ್ನು ಕಣ್ಣಾರೆ ಕಂಡವರು ಅವರು.

ಚರ್ಮದ ಅಡಿಯಲ್ಲಿ ಆಗಿರುವುದೇನು

ಇದನ್ನು ಮೊದಲು ತಿಳಿದುಕೊಂಡರೆ ಮುಂದಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಸಾಮಾನ್ಯವಾಗಿ ಎರಡು ಕೆಲಸ ಒಟ್ಟಿಗೆ ನಡೆದಿರುತ್ತವೆ. ಮೊದಲನೆಯದು ಲೈಪೊಸಕ್ಷನ್. ಕಂಕುಳ ಬಳಿ ಅಥವಾ ಎದೆಯ ಬದಿಯಲ್ಲಿ ಕೆಲವೇ ಮಿಲಿಮೀಟರ್‌ನ ತೂತು ಮಾಡಿ, ಸಲೈನ್‌ಗೆ ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಔಷಧಿ) ಮತ್ತು ಲಿಗ್ನೊಕೇನ್ (ಜಾಗ ಮರಗಟ್ಟಿಸುವ ಔಷಧಿ) ಬೆರೆಸಿದ ದ್ರವ ತುಂಬಿಸಿ, ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಎರಡನೆಯದು ಗ್ರಂಥಿ ತೆಗೆಯುವುದು. ಗ್ರಂಥಿ ರಬ್ಬರಿನಂತೆ ಗಟ್ಟಿ, ಹೀರಿದರೆ ಬರುವುದಿಲ್ಲ. ಅದಕ್ಕಾಗಿ ಎದೆತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಕೆಳಅಂಚಿನಲ್ಲಿ ಅರ್ಧಚಂದ್ರಾಕಾರವಾಗಿ ಕುಯ್ಯುತ್ತಾರೆ. ವೆಬ್‌ಸ್ಟರ್ ಎಂಬ ಸರ್ಜನ್ 1946ರಲ್ಲಿ ವಿವರಿಸಿದ ಈ ಕುಯ್ತವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಕಪ್ಪು ಚರ್ಮವೂ ತಿಳಿ ಚರ್ಮವೂ ಸೇರುವ ಗೆರೆಯ ಮೇಲೆಯೇ ಕಲೆ ಬೀಳುವುದರಿಂದ ಅದು ಅಷ್ಟಾಗಿ ಎದ್ದು ಕಾಣದು.

ಹೊರಗಿನ ಗಾಯ ಎರಡು ಬೆರಳಗಲ. ಒಳಗಿನದು ಅಂಗೈಗಿಂತ ಅಗಲ. ಕೊಬ್ಬು, ಗ್ರಂಥಿ ಇದ್ದ ಜಾಗ ಖಾಲಿಯಾಗಿ, ಚರ್ಮಕ್ಕೂ ಅದರ ಅಡಿಯ ಸ್ನಾಯುವಿಗೂ ನಡುವೆ ಒಂದು ಚೀಲದಂತಹ ಪೊಳ್ಳು ಉಳಿದಿರುತ್ತದೆ. ಆ ಎರಡು ಪದರ ಮತ್ತೆ ಒಂದಕ್ಕೊಂದು ಅಂಟಿಕೊಳ್ಳಬೇಕು. ನಡುವೆ ರಕ್ತ ನಿಂತರೆ ಅಂಟುವುದಿಲ್ಲ, ನೀರು ನಿಂತರೂ ಅಂಟುವುದಿಲ್ಲ, ತೋಳನ್ನು ಎಳೆದಾಡಿ ಪದರಗಳು ಒಂದರ ಮೇಲೊಂದು ಜಾರುತ್ತಿದ್ದರೂ ಅಂಟುವುದಿಲ್ಲ. ವೆಸ್ಟ್ (ಎದೆಯನ್ನು ಒತ್ತಿ ಹಿಡಿಯುವ ಬಿಗಿ ಒಳಅಂಗಿ) ಏಕೆ, ಡ್ರೇನ್ (ಒಳಗೆ ನಿಲ್ಲುವ ದ್ರವವನ್ನು ಹೊರಗೆಳೆಯುವ ನಳಿಕೆ) ಏಕೆ, ಭಾರ ಏಕೆ ಎತ್ತಬಾರದು ಎಂಬುದಕ್ಕೆಲ್ಲ ಕಾರಣ ಇದೊಂದೇ.

ಇನ್ನೊಂದು ಮಾತು. ತೊಟ್ಟಿನ ಅಡಿಯಲ್ಲಿ ಅರ್ಧ ಸೆಂಟಿಮೀಟರ್‌ನಿಂದ ಒಂದು ಸೆಂಟಿಮೀಟರ್ ದಪ್ಪದ ತಟ್ಟೆಯಷ್ಟು ಅಂಗಾಂಶವನ್ನು ಸರ್ಜನ್ ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನೂ ತೆಗೆದರೆ ತೊಟ್ಟು ಒಳಕ್ಕೆ ಕುಸಿದು ಬಟ್ಟಲಿನಂತೆ ಗುಳಿ ಬೀಳುತ್ತದೆ, ತೊಟ್ಟಿಗೆ ರಕ್ತ ಹರಿಯುವುದೂ ಕಷ್ಟವಾಗುತ್ತದೆ. ಮುಟ್ಟಿದಾಗ ಏನೋ ಸಿಗುತ್ತದೆ ಎಂದಾಕ್ಷಣ ಗ್ರಂಥಿ ಉಳಿಸಿಬಿಟ್ಟಿದ್ದಾರೆ ಎಂದು ತಿಳಿಯಬೇಡಿ.

ಆಸ್ಪತ್ರೆಗೆ ಹೋಗುವ ಮೊದಲೇ

ಈ ಶಸ್ತ್ರಚಿಕಿತ್ಸೆಯನ್ನು ಮನೆಯವರಿಗೆ ಹೇಳದೆ ಮಾಡಿಸಿಕೊಳ್ಳುವವರು ಬಹಳ ಮಂದಿ. ನಾಚಿಕೆ ಅರ್ಥವಾಗುವಂಥದ್ದೇ. ಆದರೆ ಮೊದಲ ರಾತ್ರಿ ಒಂಟಿಯಾಗಿರುವುದು ಅಪಾಯ. ಪಿ.ಜಿ.ಯಲ್ಲೋ ಬಾಡಿಗೆ ರೂಮಿನಲ್ಲೋ ಇರುವವರಾದರೆ ಒಬ್ಬ ಗೆಳೆಯನಿಗಾದರೂ ವಿಷಯ ತಿಳಿಸಿ, ಕನಿಷ್ಠ 48 ಗಂಟೆ ಜೊತೆಗಿರಲು ಹೇಳಿ. ರಾತ್ರಿ ಎರಡು ಗಂಟೆಗೆ ಎದೆಯ ಒಂದು ಕಡೆ ಉಬ್ಬಿದರೆ ಗಾಡಿ ಓಡಿಸುವುದು ನಿಮ್ಮಿಂದ ಆಗದು.

ಬೀಡಿ, ಸಿಗರೇಟು, ಗುಟ್ಕಾ, ನಿಕೋಟಿನ್ ಗಮ್ ಎಲ್ಲವನ್ನೂ ನಾಲ್ಕು ವಾರ ಮುಂಚೆ ನಿಲ್ಲಿಸಿ, ನಂತರವೂ ನಾಲ್ಕು ವಾರ ಮುಟ್ಟಬೇಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡಿಬಿಡುತ್ತದೆ. ಅಡಿಯ ಆಧಾರ ಕಳೆದುಕೊಂಡ ತೊಟ್ಟು ಬದುಕುವುದು ಆ ಸಣ್ಣ ನಾಳಗಳಿಂದಲೇ. ಸಕ್ಕರೆ ಕಾಯಿಲೆ ಇದ್ದವರು ಮುಂಚಿನ ತಿಂಗಳೇ ಅದನ್ನು ಹತೋಟಿಗೆ ತನ್ನಿ. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ, ಬೆಳ್ಳುಳ್ಳಿ ಕ್ಯಾಪ್ಸೂಲ್, ವಿಟಮಿನ್ ಇ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಜಿಮ್‌ನಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಂಡಿದ್ದರಂತೂ ಖಂಡಿತ ಹೇಳಿ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರೇ ತೀರ್ಮಾನಿಸಲಿ. ಹೃದಯದ ಕಾಯಿಲೆಗೆ ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು.

ಮನೆಯಲ್ಲಿ ಇರಬೇಕಾದ್ದು: ಎರಡು ಕಂಪ್ರೆಷನ್ ವೆಸ್ಟ್ (ಒಂದು ಒಗೆದಾಗ ಇನ್ನೊಂದು), ಮುಂದೆ ಗುಂಡಿಯಿರುವ ಸಡಿಲ ಅಂಗಿ ನಾಲ್ಕೈದು, ದಿಂಬು ಮೂರು, ಹಳೆಯ ಟವೆಲ್‌ಗಳು, ಒಂದು ಥರ್ಮಾಮೀಟರ್, ಪ್ಲಾಸ್ಟಿಕ್ ಸ್ಟೂಲು. ದಿನಬಳಕೆಯ ಪಾತ್ರೆ, ಬಟ್ಟೆ, ಚಾರ್ಜರ್ ಎಲ್ಲ ಸೊಂಟದ ಎತ್ತರಕ್ಕೆ ಇಳಿಸಿಡಿ. ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವುದು ಎರಡು ವಾರ ನಿಷಿದ್ಧ.

ಮೊದಲ 48 ಗಂಟೆ

ಲೈಪೊಸಕ್ಷನ್‌ಗೆ ತುಂಬಿಸಿದ ದ್ರವದಲ್ಲಿ ಉಳಿದದ್ದು ತೂತುಗಳಿಂದ ಒಸರುತ್ತದೆ. ಬಣ್ಣ ಕೋಕಂ ಶರಬತ್ತಿನಂತೆ ತಿಳಿಗೆಂಪು. ಗಾಜ್ ಒದ್ದೆಯಾಗುತ್ತದೆ, ಹಾಸಿಗೆಗೂ ತಗಲುತ್ತದೆ. ನೋಡಿ ಗಾಬರಿಯಾಗಬೇಡಿ: ಅದರಲ್ಲಿ ನೀರೇ ಹೆಚ್ಚು, ರಕ್ತ ಸ್ವಲ್ಪ. ಒಂದೆರಡು ದಿನದಲ್ಲಿ ತಾನೇ ನಿಲ್ಲುತ್ತದೆ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಮೇಲೆ ಹಳೆಯ ಟವೆಲ್ ಹಾಸಿ.

ಅಂಗಾತ ಮಲಗಿ, ಬೆನ್ನಿಗೆ ದಿಂಬು ಕೊಟ್ಟು ಮೇಲ್ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಎರಡೂ ಪಕ್ಕಕ್ಕೆ ಒಂದೊಂದು ದಿಂಬು ಇಟ್ಟರೆ ನಿದ್ದೆಯಲ್ಲಿ ಮಗ್ಗುಲಾಗುವುದು ತಪ್ಪುತ್ತದೆ. ಏಳುವಾಗ ಕೈಯೂರಿ ಮೈಯನ್ನು ತಳ್ಳಬೇಡಿ; ಕಾಲನ್ನು ಮೊದಲು ಕೆಳಗಿಳಿಸಿ, ಜೊತೆಯವರು ಬೆನ್ನ ಹಿಂದೆ ಕೈ ಕೊಟ್ಟು ಏಳಿಸಲಿ. ಆಪರೇಷನ್ ಆದ ಸಂಜೆಯೇ ರೂಮಿನೊಳಗೆ ನಡೆದಾಡಿ, ಮಾರನೇ ದಿನದಿಂದ ಎಚ್ಚರವಿರುವಾಗ ಗಂಟೆಗೊಮ್ಮೆ ಐದು ನಿಮಿಷ. ನಡಿಗೆ ಇಲ್ಲದಿದ್ದರೆ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ನೋವು ಎಂದರೆ, ಬಹಳ ದಿನದ ಮೇಲೆ ವ್ಯಾಯಾಮ ಮಾಡಿದ ಮರುದಿನ ಎದೆ ಹಿಡಿದುಕೊಂಡಂತಹ ನೋವು. ಪ್ಯಾರಾಸಿಟಮಾಲ್ 650 ಮಿ.ಗ್ರಾಂ, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರದಂತೆ ಸಾಮಾನ್ಯವಾಗಿ ಸಾಕಾಗುತ್ತದೆ. ಇಲ್ಲೊಂದು ಎಚ್ಚರ. ಡೋಲೊ 650ರಲ್ಲಿ ಪ್ಯಾರಾಸಿಟಮಾಲ್ ಮಾತ್ರ ಇದೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಇದೆ. ಎರಡನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಲೆಕ್ಕ ಮೀರುತ್ತದೆ, ಐಬುಪ್ರೊಫೆನ್‌ನಿಂದ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ನೋವಿನ ಮಾತ್ರೆ ಕೊಡಿ ಎಂದು ಕೇಳಿ ತರಬೇಡಿ, ಚೀಟಿಯಲ್ಲಿರುವುದನ್ನೇ ತನ್ನಿ. ಟ್ರಮಡಾಲ್ ಥರದ ಬಲವಾದ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಬರುತ್ತದೆ. ಶೌಚಕ್ಕೆ ತಿಣುಕಿದರೆ ಎದೆಯಲ್ಲಿ ರಕ್ತದ ಒತ್ತಡ ಏರುವುದರಿಂದ, ಮೊದಲ ದಿನದಿಂದಲೇ ಪರಂಗಿ ಹಣ್ಣು, ಇಸಬ್‌ಗೋಲ್, ಎರಡೂವರೆ ಲೀಟರ್ ನೀರು ಇರಲಿ.

ಈಗ ಕಾಯಬಾರದ ವಿಷಯ. ಮೊದಲ ಒಂದೆರಡು ದಿನದಲ್ಲಿ ಒಳಗೆ ರಕ್ತ ಶೇಖರವಾಗುವುದಕ್ಕೆ ಹೆಮಟೋಮಾ ಎನ್ನುತ್ತಾರೆ. ಈ ಶಸ್ತ್ರಚಿಕಿತ್ಸೆಯ ಆರಂಭದ ತೊಂದರೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಗುರುತಿಸುವುದು ಹೀಗೆ: ಎರಡೂ ಕಡೆ ಸಮನಾಗಿ ಊದಿದ್ದರೆ ಸಹಜ. ಒಂದೇ ಕಡೆ, ಗಂಟೆಗಳಲ್ಲೇ ಬೆಳೆಯುತ್ತ, ಮುಟ್ಟಿದರೆ ಬಿಗಿದ ಚೆಂಡಿನಂತೆ ಗಟ್ಟಿ, ನೋವಿನ ಮಾತ್ರೆಗೂ ಬಗ್ಗದ ಸಿಡಿತ, ಚರ್ಮ ನೇರಳೆ ಬಣ್ಣಕ್ಕೆ ತಿರುಗಿ ಮಿರುಗುವುದು, ಇವಿದ್ದರೆ ಹೆಮಟೋಮಾ. ಆಗಲೇ ಫೋನ್ ಮಾಡಿ, ಬೆಳಗಾಗಲಿ ಎನ್ನಬೇಡಿ. ಬೇಗ ಹೋದರೆ ಅದೇ ಕುಯ್ತವನ್ನು ಬಿಚ್ಚಿ ಹೆಪ್ಪು ತೆಗೆದು, ಸೋರುವ ನಾಳವನ್ನು ಮುಚ್ಚಿ ಮತ್ತೆ ಹೊಲಿಯುತ್ತಾರೆ. ತಡವಾದರೆ ಹಿಗ್ಗಿದ ಚರ್ಮಕ್ಕೆ ರಕ್ತ ಸಾಲದೆ ಹಾನಿಯಾಗುತ್ತದೆ, ಸೋಂಕಿಗೂ ದಾರಿಯಾಗುತ್ತದೆ. ಹೊರಡುವಾಗ ಏನೂ ತಿನ್ನಬೇಡಿ, ಮತ್ತೆ ಅನಸ್ತೇಷಿಯಾ ಬೇಕಾಗಬಹುದು.

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದರೆ ಎದೆಯೊಳಗೆ ಚುಚ್ಚುವುದು, ಒಂದೇ ಮೀನಖಂಡ ಊದಿ ನೋಯುವುದು ಅಪರೂಪ, ಆದರೆ ಇವು ಸರ್ಜನ್‌ಗೆ ವಾಟ್ಸ್ಆ್ಯಪ್ ಮಾಡಿ ಉತ್ತರಕ್ಕೆ ಕಾಯುವ ಸಂಗತಿಗಳಲ್ಲ. ಹತ್ತಿರದ ತುರ್ತು ವಿಭಾಗಕ್ಕೆ ನೇರ ಹೋಗಿ. ಉಸಿರಾಟಕ್ಕೇ ತೊಂದರೆಯಾಗಿದ್ದರೆ 108ಕ್ಕೆ ಕರೆ ಮಾಡಿ.

ಡ್ರೇನ್ ಇದ್ದರೆ

ಎಲ್ಲರಿಗೂ ಹಾಕುವುದಿಲ್ಲ. ಹಾಕಿದ್ದರೆ ತೆಳುವಾದ ನಳಿಕೆಯ ತುದಿಯಲ್ಲಿ ಒಂದು ಬಲ್ಬ್ ಅಥವಾ ಅಕಾರ್ಡಿಯನ್‌ನಂತೆ ಮಡಚುವ ಡಬ್ಬಿ ಇರುತ್ತದೆ. ಅದು ಚಪ್ಪಟೆಯಾಗಿದ್ದರಷ್ಟೇ ಒಳಗಿನದನ್ನು ಎಳೆಯುತ್ತದೆ.

ದಿನಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಖಾಲಿ ಮಾಡಿ. ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಚರ್ಮದಿಂದ ಹೊರಬರುವ ಜಾಗದಲ್ಲಿ ನಳಿಕೆಯನ್ನು ಎಡಗೈಯ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯಿರಿ, ಇಲ್ಲದಿದ್ದರೆ ಎಳೆತ ಹೊಲಿಗೆಗೆ ತಗಲುತ್ತದೆ. ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ನಳಿಕೆಯನ್ನು ಹಿಸುಕಿ ಬಲ್ಬಿನ ಕಡೆಗೆ ಜಾರಿಸಿ. ಹಸುವಿನ ಹಾಲು ಕರೆದ ಕೈಗೆ ಇದನ್ನು ಕಲಿಸಬೇಕಿಲ್ಲ. ಒಳಗಿನ ಸಣ್ಣ ಹೆಪ್ಪುಗಳು ಕೆಳಗಿಳಿಯುತ್ತವೆ. ಆಮೇಲೆ ಬಿರಡೆ ತೆಗೆದು, ಅದರ ಒಳತುದಿಯನ್ನು ಮುಟ್ಟದೆ, ಅಳತೆಯ ಲೋಟಕ್ಕೆ ಸುರಿಯಿರಿ. ಬಲ್ಬನ್ನು ಪೂರ್ತಿ ಹಿಂಡಿ, ಹಿಂಡಿದಂತೆಯೇ ಬಿರಡೆ ಮುಚ್ಚಿ. ಮುಚ್ಚಿದ ಕೂಡಲೇ ಬಲ್ಬ್ ಗಾಳಿಯಿಂದ ಉಬ್ಬಿಕೊಂಡರೆ ಎಲ್ಲೋ ಸೋರುತ್ತಿದೆ ಎಂದರ್ಥ, ತೋರಿಸಬೇಕು.

ಎಷ್ಟು ಮಿ.ಲೀ., ಯಾವ ಬಣ್ಣ, ಎಷ್ಟು ಹೊತ್ತಿಗೆ ಎಂದು ಎಡ ಬಲ ಬೇರೆ ಬೇರೆ ಬರೆದಿಡಿ. ಕೆಂಪು, ನಸುಗೆಂಪು, ಕೊನೆಗೆ ಒಣಹುಲ್ಲಿನ ಹಳದಿ, ಇದು ಸರಿಯಾದ ಕ್ರಮ. 24 ಗಂಟೆಯಲ್ಲಿ 25-30 ಮಿ.ಲೀ.ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಹಳದಿಯಾಗಿದ್ದದ್ದು ಮತ್ತೆ ಗಾಢ ಕೆಂಪಾದರೆ, ಅಥವಾ ಬರುವುದು ಫಕ್ಕನೆ ನಿಂತು ಎದೆ ಊದತೊಡಗಿದರೆ ಕರೆ ಮಾಡಿ. ಎರಡನೆಯದನ್ನು ಹಲವರು ಒಳ್ಳೆಯ ಲಕ್ಷಣ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ನಳಿಕೆ ಕಟ್ಟಿಕೊಂಡಿರುತ್ತದೆ.

ವೆಸ್ಟ್

ಮೂರು ನಾಲ್ಕು ವಾರ ಹಗಲು ರಾತ್ರಿ, ಸ್ನಾನದ ಹೊತ್ತು ಬಿಟ್ಟು. ನಂತರ ಎರಡರಿಂದ ನಾಲ್ಕು ವಾರ ದಿನಕ್ಕೆ 12 ಗಂಟೆ. ಇದು ಸಾಮಾನ್ಯ ಲೆಕ್ಕ, ತುಂಬ ಚರ್ಮ ಸಡಿಲಿದ್ದವರಿಗೆ ಇನ್ನೂ ಹೆಚ್ಚು ಹೇಳಬಹುದು.

ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ತಪ್ಪು. ವೆಸ್ಟಿನ ಅಂಚಿನೊಳಗೆ ಎರಡು ಬೆರಳು ಕಷ್ಟಪಟ್ಟು ನುಸುಳಬೇಕು, ಪೂರ್ತಿ ಉಸಿರೆಳೆಯಲು ಬರಬೇಕು. ಬೆರಳು ಜೋಮು ಹಿಡಿದರೆ, ಅಂಚು ಚರ್ಮದಲ್ಲಿ ಹೂತು ಗುಳ್ಳೆ ಎದ್ದರೆ ಅಳತೆ ಚಿಕ್ಕದಾಗಿದೆ. ಮಧ್ಯರಾತ್ರಿ ಕೆಳಗಿನ ಅಂಚು ಮೇಲಕ್ಕೆ ಸುರುಳಿ ಸುತ್ತಿಕೊಂಡು ಹಗ್ಗದಂತೆ ಒತ್ತುವುದು ಎಲ್ಲರಿಗೂ ಆಗುತ್ತದೆ. ಆ ಒಂದು ಗೆರೆಯ ಒತ್ತಡದಿಂದ ಅಲ್ಲೇ ಮಡಿಕೆ ಬಿದ್ದು ಮಾಯಬಹುದು. ಮಲಗುವ ಮುಂಚೆಯೂ ಎಚ್ಚರವಾದಾಗಲೂ ಅಂಚನ್ನು ಕೆಳಗೆಳೆದು ಸಾಪು ಮಾಡಿ. ಎರಡನೇ ವಾರ ಊತ ಇಳಿದು ವೆಸ್ಟ್ ಸಡಿಲವಾದರೆ ಕೊಕ್ಕೆಯ ಮುಂದಿನ ಸಾಲಿಗೆ ಹೋಗಿ.

ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲೂ ಮಂಗಳೂರು, ಕಾರವಾರದ ಸೆಕೆಯಲ್ಲೂ ಇದು ನಿಜವಾದ ಕಷ್ಟ. ಒಳಗೆ ಹೊಲಿಗೆ ದಪ್ಪವಿಲ್ಲದ ತೆಳು ಹತ್ತಿ ಬನಿಯನ್ ಹಾಕಿಕೊಳ್ಳಿ, ಬೆವರಿದರೆ ಅದನ್ನಷ್ಟೇ ಬದಲಿಸಿದರಾಯಿತು. ವೆಸ್ಟನ್ನು ದಿನವೂ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಬಿಸಿನೀರಿಗೆ, ವಾಷಿಂಗ್ ಮೆಷಿನ್ನಿನ ಡ್ರೈಯರ್‌ಗೆ ಹಾಕಿದರೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಆಯ್ಕೆ ಇದ್ದರೆ ಶಸ್ತ್ರಚಿಕಿತ್ಸೆಯನ್ನು ನವೆಂಬರ್‌ನಿಂದ ಜನವರಿಯೊಳಗೆ ಇಟ್ಟುಕೊಳ್ಳುವುದು ಜಾಣತನ.

ಮೊದಲ ಸ್ನಾನ

ಸಾಮಾನ್ಯವಾಗಿ 48 ಗಂಟೆ ಕಳೆದ ಮೇಲೆ, ಡ್ರೇನ್ ಇದ್ದರೆ ಅದು ಹೋದ ಮರುದಿನ ಸ್ನಾನಕ್ಕೆ ಅನುಮತಿ ಸಿಗುತ್ತದೆ. ವೆಸ್ಟನ್ನು ಮೊದಲ ಸಲ ಬಿಚ್ಚಿದಾಗ ಒತ್ತಡ ಒಮ್ಮೆಲೆ ಸಡಿಲಗೊಂಡು, ಬಚ್ಚಲ ಬಿಸಿಯೂ ಸೇರಿ, ಕಣ್ಣು ಕತ್ತಲಿಟ್ಟು ಬೀಳುವವರಿದ್ದಾರೆ. ಆದ್ದರಿಂದ ತಿಂಡಿ ತಿಂದು, ಮಂಚದ ಮೇಲೆ ಕುಳಿತು ನಿಧಾನವಾಗಿ ಕೊಕ್ಕೆ ಬಿಚ್ಚಿ. ಎರಡು ನಿಮಿಷ ಹಾಗೆಯೇ ಕೂತಿರಿ. ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿ, ಬಾಗಿಲ ಚಿಲಕ ಹಾಕಬೇಡಿ. ನೀರು ಉಗುರು ಬೆಚ್ಚಗಿರಲಿ. ಹಂಡೆಯ ಸುಡುನೀರು ಬೇಡವೇ ಬೇಡ: ಎದೆಯ ಚರ್ಮಕ್ಕೆ ಸ್ಪರ್ಶವೇ ಇಲ್ಲದಿರುವಾಗ ಸುಟ್ಟದ್ದೂ ಗೊತ್ತಾಗುವುದಿಲ್ಲ. ಇದೇ ಕಾರಣಕ್ಕೆ ಬಿಸಿನೀರಿನ ಚೀಲವನ್ನಾಗಲಿ ಐಸನ್ನಾಗಲಿ ಎದೆಯ ಮೇಲೆ ಇಡಬಾರದು.

ಚೊಂಬಿನಿಂದ ಭುಜದ ಮೇಲೆ ನೀರು ಹಾಕಿ, ಅದು ಎದೆಯ ಮೇಲೆ ಹರಿದುಹೋಗಲಿ. ಸೋಪಿನ ನೊರೆ ತಾಗಿದರೆ ಪರವಾಗಿಲ್ಲ, ಉಜ್ಜಬೇಡಿ. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಕಾಗದದಂತಹ ಟೇಪ್ ಹೊಲಿಗೆಯ ಮೇಲಿದ್ದರೆ ಅದು ತಾನಾಗಿ ಬಿಡುವವರೆಗೆ ಕೀಳಬೇಡಿ. ನೈಲಾನ್ ಹೊಲಿಗೆಯನ್ನು ಏಳರಿಂದ ಹತ್ತು ದಿನಕ್ಕೆ ತೆಗೆಯುತ್ತಾರೆ. ಕರಗುವ ಹೊಲಿಗೆ ಹಾಕಿದ್ದರೆ ತೆಗೆಯುವ ಪ್ರಶ್ನೆಯಿಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ತುಪ್ಪ, ಸೊಪ್ಪಿನ ರಸ ಯಾವುದನ್ನೂ ಮುಚ್ಚಿರದ ಗಾಯಕ್ಕೆ ಹಚ್ಚಬೇಡಿ. ಕೆರೆ, ಹೊಳೆ, ಕಲ್ಯಾಣಿ, ಈಜುಕೊಳ, ಸಮುದ್ರ ಆರು ವಾರದ ನಂತರ.

ನಂಜಿನ ಊಟದ ಪ್ರಶ್ನೆ

ಹೊಲಿಗೆ ಬಿದ್ದಿದೆ ಎಂದೊಡನೆ ಮನೆಯಲ್ಲಿ ಹಿರಿಯರು ಮೊಟ್ಟೆ, ಮೀನು, ಬದನೆಕಾಯಿ, ಕಾಳು ನಂಜು, ಕೀವಾಗುತ್ತದೆ ಎಂದು ತಡೆಯುತ್ತಾರೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಪಾಲಿಸಿದರೆ ಗಾಯಕ್ಕೆ ಬೇಕಾದ ಪ್ರೋಟೀನೇ ತಟ್ಟೆಯಿಂದ ಮಾಯವಾಗುತ್ತದೆ. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಬದನೆಕಾಯಿಯಿಂದಲ್ಲ. ಅಲರ್ಜಿ ಇರುವ ಪದಾರ್ಥ ಮಾತ್ರ ಬಿಡಿ.

ಈ ದಿನಗಳಲ್ಲಿ ಒಂದು ಕೆ.ಜಿ. ತೂಕಕ್ಕೆ ಸುಮಾರು 1.2 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. 70 ಕೆ.ಜಿ.ಯವರಿಗೆ 84 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಲ್ಲಿ ಆರೇಳು, ಒಂದು ಹಿಡಿ ಕಡಲೆಕಾಯಿಯಲ್ಲಿ ಏಳು, ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ 25ರ ಮೇಲೆ. ತಿಳಿಸಾರು ಅನ್ನವನ್ನು ನೆಚ್ಚಬೇಡಿ, ತಿಳಿಸಾರಿನಲ್ಲಿರುವುದು ನೀರೇ ಹೆಚ್ಚು. ಸಸ್ಯಾಹಾರಿಗಳು ಗಟ್ಟಿ ತೊವ್ವೆ, ಹುರುಳಿ ಅಥವಾ ಹೆಸರುಕಾಳಿನ ಉಸಲಿ, ಮೊಸರು, ಪನೀರ್ ಮೂರು ಹೊತ್ತಿಗೂ ಹಂಚಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎರಡು ವಾರ ದೂರವಿರಲಿ: ಉಪ್ಪು ನೀರನ್ನು ಹಿಡಿದಿಟ್ಟು ಊತ ಇಳಿಯಲು ಬಿಡದು. ಸಕ್ಕರೆ, ಕಿಡ್ನಿ ಕಾಯಿಲೆ ಇದ್ದವರು ಈ ಲೆಕ್ಕವನ್ನು ವೈದ್ಯರಿಗೆ ಕೇಳಿಯೇ ಹಾಕಿಕೊಳ್ಳಿ.

ಐದನೇ ದಿನದಿಂದ ಮೂರನೇ ವಾರ

ಕಂದುಗಟ್ಟಿದ ಬಣ್ಣ ಹೊಟ್ಟೆಯ ಕಡೆಗೆ ಇಳಿಯುತ್ತದೆ. ಎದೆಯಲ್ಲಿದ್ದ ನೀಲಿ ಪಕ್ಕೆಗೆ, ಹೊಕ್ಕುಳ ತನಕ ಬಂದು ಹಸಿರಾಗಿ ಹಳದಿಯಾಗಿ ಎರಡು ಮೂರು ವಾರದಲ್ಲಿ ಮಾಸುತ್ತದೆ. ಇದು ರಕ್ತ ಹರಡುತ್ತಿರುವುದಲ್ಲ, ಹಳೆಯ ರಕ್ತ ತನ್ನ ಭಾರಕ್ಕೆ ಕೆಳಗಿಳಿದು ಕರಗುತ್ತಿರುವುದು.

ಈ ಹಂತದ ಮುಖ್ಯ ತೊಂದರೆ ಸೆರೋಮಾ, ಅಂದರೆ ಪೊಳ್ಳಿನಲ್ಲಿ ತಿಳಿ ಹಳದಿ ನೀರು ತುಂಬುವುದು. ಇಳಿಯುತ್ತಿದ್ದ ಊತ ಒಂದು ಕಡೆ ಮತ್ತೆ ಏರಿದರೆ ಅನುಮಾನಿಸಿ. ಒಂದು ಬೆರಳಲ್ಲಿ ಮೆಲ್ಲನೆ ತಟ್ಟಿದರೆ ಅತ್ತ ಕಡೆ ಅಲೆಯೆದ್ದಂತೆ ಕಾಣುತ್ತದೆ, ನಡೆದಾಗ ಒಳಗೆ ತುಳುಕಿದಂತಾಗುತ್ತದೆ. ಹೆಮಟೋಮಾದಂತೆ ಸಿಡಿತವಿರುವುದಿಲ್ಲ. ಒಂದೆರಡು ದಿನದಲ್ಲಿ ತೋರಿಸಿದರೆ ಸಾಕು, ಸಿರಿಂಜಿನಲ್ಲಿ ಎಳೆದು ತೆಗೆಯುತ್ತಾರೆ. ಚರ್ಮ ಮರಗಟ್ಟಿರುವುದರಿಂದ ನೋವೂ ಹೆಚ್ಚಿರದು. ಎರಡು ಮೂರು ಸಲ ತೆಗೆಯಬೇಕಾಗಿ ಬರಬಹುದು, ಅದರಿಂದ ಎದೆಗುಂದಬೇಡಿ. ಸ್ವಲ್ಪವೇ ಇದ್ದರೆ ದೇಹವೇ ಹೀರಿಕೊಳ್ಳುತ್ತದೆ. ಹೆಚ್ಚಿದ್ದನ್ನು ಹಾಗೇ ಬಿಟ್ಟರೆ ಸುತ್ತ ಗಟ್ಟಿ ಪೊರೆ ಬೆಳೆದು ಶಾಶ್ವತ ಗಂಟಾಗುತ್ತದೆ.

ಸೋಂಕು ಬರುವುದಾದರೆ ಸಾಮಾನ್ಯವಾಗಿ ನಾಲ್ಕನೇ ದಿನದ ನಂತರ. ಮೊದಲೆರಡು ದಿನದ 99-100 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಸೋಂಕಿನ ಗುರುತಲ್ಲ. 101 ದಾಟಿದರೆ, ಗಾಯದ ಸುತ್ತಲಿನ ಕೆಂಪು ದಿನದಿಂದ ದಿನಕ್ಕೆ ಹರಡಿದರೆ, ವಾಸನೆಯ ಕೀವು ಬಂದರೆ ಅದೇ ದಿನ ಹೋಗಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಅಂಗೈಯ ಹಿಂಬದಿಯನ್ನು ಎರಡೂ ಕಡೆ ಇಟ್ಟು ನೋಡಿ, ಒಂದು ಕಡೆ ಮಾತ್ರ ಬಿಸಿಯಾಗಿದ್ದರೆ, ಮುಟ್ಟಿದರೆ ಹೆಚ್ಚು ನೋಯುತ್ತಿದ್ದರೆ ಅದೂ ಗುರುತೇ. ಸಂಜೆ ಪೆನ್ನಿನಿಂದ ಅಂಚಿಗೆ ಗೆರೆ ಎಳೆದಿಟ್ಟರೆ ಬೆಳಿಗ್ಗೆ ದಾಟಿದೆಯೋ ಇಲ್ಲವೋ ಗೊತ್ತಾಗುತ್ತದೆ.

ತೊಟ್ಟು ತಣ್ಣಗಾಗಿ ಬೂದು ಅಥವಾ ಕಪ್ಪುನೀಲಿಗೆ ತಿರುಗುವುದು, ಗುಳ್ಳೆಯೇಳುವುದು ರಕ್ತಸಂಚಾರ ಸಾಲದ್ದರ ಲಕ್ಷಣ, ತಕ್ಷಣ ತೋರಿಸಿ. ಹೆಚ್ಚುವರಿ ಚರ್ಮ ತೆಗೆದು ತೊಟ್ಟನ್ನು ಕಸಿ ಮಾಡಿಸಿಕೊಂಡವರ ಲೆಕ್ಕ ಬೇರೆ. ಅವರಿಗೆ ಮೇಲೆ ಹೊಲಿದ ಗಾಜ್ ಕಟ್ಟು ಐದರಿಂದ ಏಳು ದಿನ ಅಲುಗದೆ ಒಣಗಿರಬೇಕು, ಬಿಚ್ಚಿದಾಗ ಕಪ್ಪು ಹಕ್ಕಳೆ ಕಾಣುವುದು ಸಹಜ.

ಜೋಮು ಬಹುತೇಕ ಎಲ್ಲರಿಗೂ ಇರುತ್ತದೆ. ನರಗಳು ಚಿಗುರುವಾಗ ಇರುವೆ ಹರಿದಂತೆ, ಕರೆಂಟ್ ಹೊಡೆದಂತೆ, ಕೆರೆತದಂತೆ ಅನಿಸುತ್ತದೆ. ಅಂಗಿ ತಗಲಿದರೂ ಚುರುಗುಟ್ಟುವ ಹಂತವೂ ಬರುತ್ತದೆ. ಇದು ಒಳ್ಳೆಯ ಸುದ್ದಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಸ್ಪರ್ಶ ಮರಳುತ್ತದೆ, ಕೆಲವರಿಗೆ ವರ್ಷ ಬೇಕು, ಕೆಲವರಿಗೆ ತೊಟ್ಟಿನ ಸ್ಪರ್ಶ ಪೂರ್ತಿ ಬರದೆಯೂ ಇರಬಹುದು.

ಕೆಲವರಿಗೆ ಎದೆಯಿಂದ ಪಕ್ಕೆಯ ಕಡೆಗೆ ಚರ್ಮದಡಿ ವೀಣೆಯ ತಂತಿಯಂತೆ ಬಿಗಿದ ಗೆರೆಯೊಂದು ಕೈಗೆ ಸಿಗುತ್ತದೆ, ಕೈ ಎತ್ತಿದರೆ ಎದ್ದು ಕಾಣುತ್ತದೆ. ಚರ್ಮದಡಿಯ ಸಣ್ಣ ರಕ್ತನಾಳವೊಂದು ಹೆಪ್ಪುಗಟ್ಟಿರುವುದು ಇದಕ್ಕೆ ಕಾರಣ. ಮೊಂಡಾರ್ ಕಾಯಿಲೆ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ, ಮುಂದಿನ ಭೇಟಿಯಲ್ಲಿ ತೋರಿಸಿ. ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ.

ಗಂಟು, ಕಲೆ, ಗುಳಿ

ಮೂರನೇ ವಾರದ ಹೊತ್ತಿಗೆ ತೊಟ್ಟಿನ ಹಿಂದೆ ಅಡಿಕೆಯಷ್ಟೋ ನಿಂಬೆಹಣ್ಣಿನಷ್ಟೋ ಗಟ್ಟಿ ಸಿಗುತ್ತದೆ. ಗ್ರಂಥಿ ಮತ್ತೆ ಬೆಳೆಯಿತು ಎಂದು ಬಹಳ ಜನ ನಿದ್ದೆಗೆಡುವುದು ಇಲ್ಲಿಯೇ. ಮೂರು ವಾರದಲ್ಲಿ ಗ್ರಂಥಿ ಬೆಳೆಯುವುದಿಲ್ಲ. ಇದು ಮಾಯುವಾಗ ದೇಹ ಹೆಣೆಯುವ ನಾರಿನ ಅಂಗಾಂಶ. ಎರಡನೇ ತಿಂಗಳಲ್ಲಿ ಅತಿ ಗಟ್ಟಿ, ಮೂರರಿಂದ ಆರನೇ ತಿಂಗಳೊಳಗೆ ಮೆತ್ತಗಾಗುತ್ತದೆ. ಆರು ತಿಂಗಳ ನಂತರವೂ ರಬ್ಬರಿನಂತೆ ಉಳಿದರೆ ಅಲ್ಟ್ರಾಸೌಂಡ್ ಮಾಡಿಸಿ ನೋಡುತ್ತಾರೆ.

ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಉದುರಿ, ಸರ್ಜನ್ ಒಪ್ಪಿದ ಮೇಲೆ, ಸಾಮಾನ್ಯವಾಗಿ ಮೂರನೇ ವಾರದಿಂದ, ಮಸಾಜ್ ಶುರು ಮಾಡಿ. ಬೆರಳ ತುದಿಗೆ ಸ್ವಲ್ಪ ಮಾಯಿಶ್ಚರೈಸರ್ ಹಚ್ಚಿಕೊಂಡು, ಎರಡು ಬೆರಳಿನ ಮೆತ್ತೆಯಿಂದ ಗಂಟಿನ ಮೇಲೆ ಸಣ್ಣ ವೃತ್ತ. ಬೆರಳು ಚರ್ಮದ ಮೇಲೆ ಜಾರಬಾರದು, ಚರ್ಮವೇ ಬೆರಳೊಂದಿಗೆ ಅಲುಗಬೇಕು. ಒಂದೊಂದು ಕಡೆ ಐದು ನಿಮಿಷ, ದಿನಕ್ಕೆ ಎರಡು ಸಲ. ನೋವಾಗುವಷ್ಟು ಒತ್ತಿದರೆ ಊತ ಮರಳುತ್ತದೆ.

ಕಲೆಗೆ ಸಿಲಿಕಾನ್ ಜೆಲ್ ದಿನಕ್ಕೆರಡು ಸಲ, ಇಲ್ಲವೇ ಸಿಲಿಕಾನ್ ಹಾಳೆ ದಿನಕ್ಕೆ 12 ಗಂಟೆಗಿಂತ ಹೆಚ್ಚು, ಕನಿಷ್ಠ ಎರಡು ಮೂರು ತಿಂಗಳು. ಎದೆಯ ಭಾಗದಲ್ಲಿ, ಅದರಲ್ಲೂ ನಮ್ಮ ಮೈಬಣ್ಣದವರಲ್ಲಿ, ಕೆಲಾಯ್ಡ್ ಬರುವ ಸಾಧ್ಯತೆ ಹೆಚ್ಚು. ಕಲೆ ಉಬ್ಬಿ, ಕೆರೆದು, ಗಾಯದ ಗಡಿ ದಾಟಿ ಬೆಳೆಯತೊಡಗಿದರೆ ಅದು ಕೆಲಾಯ್ಡ್. ಇದಕ್ಕೆ ಕಾಯಬೇಡಿ. ಚಿಕ್ಕದಿರುವಾಗಲೇ ಟ್ರಯಾಮ್ಸಿನೊಲೋನ್ ಇಂಜೆಕ್ಷನ್‌ನ್ನು ಕೆಲವು ವಾರಗಳ ಅಂತರದಲ್ಲಿ ಕೊಟ್ಟರೆ ತಗ್ಗುತ್ತದೆ. ಮೊದಲು ಕಿವಿ ಚುಚ್ಚಿಸಿದಲ್ಲಿ, ಲಸಿಕೆ ಹಾಕಿಸಿದಲ್ಲಿ ಹಾಗೆ ಆಗಿದ್ದರೆ ಆಪರೇಷನ್‌ಗೆ ಮುಂಚೆಯೇ ತಿಳಿಸಬೇಕು. ಬರಿಮೈಯಲ್ಲಿ ಹೊಲದ ಕೆಲಸ ಮಾಡುವವರು ಆರು ತಿಂಗಳು ಕಲೆಗೆ ಬಿಸಿಲು ಬೀಳದಂತೆ ಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಅದು ಕಪ್ಪಾಗಿಯೇ ಉಳಿಯುತ್ತದೆ.

ಗುಳಿಯ ಮಾತು. ಸುತ್ತಲಿನ ಊತ ಇಳಿಯದಿರುವಾಗ ನಡುವೆ ಗುಳಿ ಬಿದ್ದಂತೆ ಕಾಣುವುದುಂಟು, ಊತ ಇಳಿದರೆ ಸಮವಾಗುತ್ತದೆ. ಕೈಯೆತ್ತಿದಾಗ ಮಾತ್ರ ತೊಟ್ಟು ಒಳಕ್ಕೆ ಎಳೆದರೆ ಅಂಟಿಕೊಂಡ ನಾರು ಕಾರಣ, ಮಸಾಜ್ ಅದಕ್ಕೇ ಇರುವುದು. ನಿಂತಾಗಲೂ ಆರು ತಿಂಗಳ ನಂತರವೂ ಬಟ್ಟಲಿನಂತಿದ್ದರೆ ಅಂಗಾಂಶ ಹೆಚ್ಚು ತೆಗೆದಿದೆ. ಹೊಟ್ಟೆಯ ಕೊಬ್ಬನ್ನು ತೆಗೆದು ಅಲ್ಲಿಗೆ ತುಂಬಿಸಿ ಸರಿಪಡಿಸಲು ಬರುತ್ತದೆ.

ಕೆಲಸ, ಗಾಡಿ, ಜಿಮ್

ಕೂತು ಮಾಡುವ ಕೆಲಸಕ್ಕೆ ಐದರಿಂದ ಏಳು ದಿನಕ್ಕೆ ಮರಳಬಹುದು. ಎರಡು ವಾರ ಮೊಣಕೈ ಭುಜಕ್ಕಿಂತ ಮೇಲೆ ಹೋಗಬಾರದು, ಎರಡು ಮೂರು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ತುಂಬಿದ ನೀರಿನ ಕ್ಯಾನ್ 20 ಕೆ.ಜಿ., ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ.; ಇವೆರಡೂ ಆರು ವಾರದ ತನಕ ಬೇರೆಯವರ ಪಾಲಿಗೆ. ನಿಂತು ಹೋಗಬೇಕಾದ ಬಸ್ಸು ಹತ್ತಬೇಡಿ: ಮೇಲಿನ ಕಂಬಿ ಹಿಡಿದಾಗ ಬ್ರೇಕ್ ಬಿದ್ದರೆ ಆ ಜಗ್ಗು ನೇರ ಹೊಲಿಗೆಗೆ. ಬೈಕು ಸ್ಕೂಟರು ಮೂರನೇ ವಾರದ ನಂತರ, ಅದೂ ಗುಂಡಿಯಿಲ್ಲದ ದಾರಿಯಲ್ಲಿ. ಕಾರಿನ ಸೀಟ್ ಬೆಲ್ಟಿಗೂ ಎದೆಗೂ ನಡುವೆ ಮಡಚಿದ ಟವೆಲ್ ಇಡಿ, ಬೆಲ್ಟ್ ಬಿಡಬೇಡಿ. ಬೆನ್ನಿಗೆ ಕಟ್ಟುವ 16 ಲೀಟರ್ ಔಷಧಿ ಪಂಪು, ಅಡಿಕೆ ಮರ ಹತ್ತುವುದು, ಕಲ್ಲು ಮಣ್ಣು ಹೊರುವುದು ಆರರಿಂದ ಎಂಟು ವಾರ ಬಿಟ್ಟು.

ಭುಜವನ್ನು ಪೂರ್ತಿ ಕಟ್ಟಿಹಾಕುವುದೂ ತಪ್ಪು, ಹಿಡಿದುಕೊಂಡುಬಿಡುತ್ತದೆ. ಮೂರನೇ ದಿನದಿಂದ ಕೈ ಕೆಳಗೇ ಇಟ್ಟು ಭುಜವನ್ನು ಹಿಂದಕ್ಕೆ ಹತ್ತು ಸಲ ತಿರುಗಿಸಿ, ದಿನಕ್ಕೆ ಮೂರು ಹೊತ್ತು. ಎರಡು ವಾರದ ನಂತರ ಗೋಡೆಯ ಮೇಲೆ ಬೆರಳು ನಡೆಸುತ್ತ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೇರಿ.

ಜಿಮ್‌ನವರಿಗೆ: ವೇಗದ ನಡಿಗೆ ಎರಡನೇ ವಾರದಿಂದ, ಕಾಲಿನ ವ್ಯಾಯಾಮ ನಾಲ್ಕನೇ ವಾರದಿಂದ, ಎದೆ ಮತ್ತು ಭುಜದ ವ್ಯಾಯಾಮ ಆರು ವಾರದ ನಂತರ ಹಳೆಯ ತೂಕದ ಅರ್ಧದಿಂದ. ಸೂರ್ಯನಮಸ್ಕಾರವನ್ನು ಹಗುರ ಎಂದುಕೊಳ್ಳಬೇಡಿ, ಅದರಲ್ಲಿ ಕೈಯೂರಿ ಮೈಯಿಳಿಸುವುದು ದಂಡ ಹೊಡೆದಷ್ಟೇ ಭಾರ. ಅದಕ್ಕೂ ಆರು ವಾರ. ಕಪಾಲಭಾತಿಯನ್ನೂ ತಡವಾಗಿ ಶುರು ಮಾಡಿ. ಮಗ್ಗುಲಾಗಿ ಮಲಗುವುದು ನಾಲ್ಕನೇ ವಾರಕ್ಕೆ, ಬೋರಲು ಮಲಗುವುದು ಆರು ವಾರ ಕಳೆದು.

ಕನ್ನಡಿ

ಎರಡನೇ ವಾರದಲ್ಲಿ ಮನಸ್ಸು ಕುಗ್ಗುವುದು ಸಾಮಾನ್ಯ. ಊತದಿಂದ ಎದೆ ಮೊದಲಿನಷ್ಟೇ ದಪ್ಪ ಕಾಣುತ್ತದೆ, ಹಣವೂ ಹೋಯಿತು ನೋವೂ ಉಳಿಯಿತು ಎನ್ನಿಸುತ್ತದೆ. ಬಲಗೈ ಬಳಸುವವರಿಗೆ ಬಲಗಡೆ ಊತ ನಿಧಾನಕ್ಕೆ ಇಳಿಯುವುದೂ ಉಂಟು. ದಿನಕ್ಕೆ ಹತ್ತು ಸಲ ನೋಡಿ ಹಿಸುಕುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ, ಬೆಳಿಗ್ಗೆ ಎದ್ದ ಕೂಡಲೇ ಮುಂದಿನಿಂದ ಮತ್ತು ಎರಡು ಪಕ್ಕದಿಂದ ಫೋಟೊ ತೆಗೆದಿಡಿ. ಮೂರು ತಿಂಗಳಿಗೆ ಆಕಾರ ಹೆಚ್ಚುಕಡಿಮೆ ತಿಳಿಯುತ್ತದೆ, ಅಂತಿಮ ರೂಪಕ್ಕೆ ಆರರಿಂದ ಹನ್ನೆರಡು ತಿಂಗಳು. ಮತ್ತೊಮ್ಮೆ ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಆರು ತಿಂಗಳೊಳಗೆ ಒಪ್ಪಿಕೊಳ್ಳಬೇಡಿ, ಗಟ್ಟಿ ನಾರಿನ ಮೇಲೆ ಚಾಕು ಆಡಿಸಿದರೆ ಫಲಿತಾಂಶ ಇನ್ನೂ ಕೆಡುತ್ತದೆ. ರಕ್ತ, ಸೋಂಕಿನಂತಹ ತುರ್ತು ಮಾತ್ರ ಇದಕ್ಕೆ ಹೊರತು.

ತೆಗೆದ ಗ್ರಂಥಿ ಸುಮ್ಮನೆ ಮರಳಿ ಬರುವುದು ಅಪರೂಪ. ಆದರೆ ತೂಕ ಏರಿದರೆ ಕೊಬ್ಬು ಮರಳುತ್ತದೆ. ಸ್ಟೆರಾಯ್ಡ್ ಇಂಜೆಕ್ಷನ್, ಯಕೃತ್ತು ಕೆಡುವಷ್ಟು ಕುಡಿತ, ಸ್ಪೈರನೊಲ್ಯಾಕ್ಟೋನ್, ಫಿನಾಸ್ಟೆರೈಡ್, ರಿಸ್ಪೆರಿಡೋನ್, ಕೀಟೋಕೊನಜೋಲ್‌ನಂತಹ ಮಾತ್ರೆಗಳು ಉಳಿದ ಚೂರು ಗ್ರಂಥಿಯನ್ನು ಬೆಳೆಸಬಲ್ಲವು. ಇವನ್ನು ಬೇರೆ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರಲ್ಲಿ ಬದಲಿ ಇದೆಯೇ ಎಂದು ಕೇಳಿ.

ಹೊಲಿಗೆ ತೆಗೆಸಲು ಹೋದ ದಿನ ಇನ್ನೊಂದು ಕೆಲಸ ಮರೆಯಬೇಡಿ. ತೆಗೆದ ಗ್ರಂಥಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾರೆಯೇ ಎಂದು ಕೇಳಿ, ಬಯಾಪ್ಸಿ ವರದಿಯನ್ನು ಕೈಗೆ ತೆಗೆದುಕೊಳ್ಳಿ. ಗಂಡಸರಲ್ಲಿ ಸ್ತನ ಕ್ಯಾನ್ಸರ್ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆ ವರದಿ, ಡಿಸ್ಚಾರ್ಜ್ ಸಮರಿ, ಡ್ರೇನ್ ಲೆಕ್ಕ ಬರೆದ ಹಾಳೆ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ.